ಮೂರು ಕಿಲೋ ನಾನ್ನೂರರ ಕೋವಿ ನಾಲ್ಕು ಕಿಲೋ ಆದದ್ದು

ಕೋವಿ ಭಾರವಾದರೆ ಈಡಾದಾಗ ಹೆಗಲಿಗೆ ಬರುವ ಒದೆತ ಕಡಿಮೆ ಅನ್ನುವುದು ಕೋವಿ ಹಿಡಿದವರಿಗೆಲ್ಲ ಗೊತ್ತು. ಆದರೆ ಎಷ್ಟು ಭಾರ, ಅದು ಎಲ್ಲಿರಬೇಕು, ಯಾವ ಮರ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ನಾನು ನನ್ನ ರೈಫಲಿನ ಹಳೆ ಮರ ತೆಗೆಸಿ ಭಾರದ ಸ್ಟಾಕ್, ಅಂದರೆ ಕೋವಿಯ ಮರದ ಭಾಗ, ಹಾಕಿಸಿದೆ. ಹೇಗೆ ಆರಿಸಿದೆ, ಎಷ್ಟು ಪ್ರಯೋಜನ ಆಯಿತು ಅಂತ ಬರೆಯುತ್ತೇನೆ.

ನನ್ನದು ಇಶಾಪುರ ಕಾರ್ಖಾನೆಯ ಪಾಯಿಂಟ್ 315 ರೈಫಲ್. ಚಿಕ್ಕಪ್ಪನ ಕಾಲದ್ದು, ಈಗ ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ತೋಟ ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಗುಡ್ಡೆಯ ಬುಡದಲ್ಲಿ. ಮರಗೆಣಸು, ಬಾಳೆ, ಎಳೆ ಅಡಿಕೆ ಸಸಿ, ಹಂದಿಗೆ ಯಾವುದಾದರೂ ಆದೀತು. 2022ರಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಕಾಡುಹಂದಿಗೆ ಈಡು ಹೊಡೆಸಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟಿತಲ್ಲ, ಆಮೇಲೆ ಲೈಸೆನ್ಸ್ ಇರುವ ನಮ್ಮಂಥವರಿಗೆ ಕರೆ ಬರುವುದು ಜಾಸ್ತಿಯಾಯಿತು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿದ್ದ ರೈಫಲ್ ಹೆಗಲಿಗೆ ಬಂತು. ಆ ಹೆಗಲಿಗೋ, ಅದಾಗಲೇ ವಾತ ಹಿಡಿದಿತ್ತು.

ನೋವು ದೊಡ್ಡ ವಿಷಯ ಅಲ್ಲ, ಎಣ್ಣೆ ತಿಕ್ಕಿದರೆ ಹೋಗುತ್ತದೆ. ತೊಂದರೆ ಬೇರೆ. ಸೈನ್ಯದಿಂದ ನಿವೃತ್ತರಾಗಿ ಬಂದ ನೆರೆಮನೆಯವರು ಅದನ್ನು ಗುರಿ ಅಭ್ಯಾಸದ ರೇಂಜಿನಲ್ಲಿ ತೋರಿಸಿಕೊಟ್ಟರು. "ನೀವು ಆ ಕಡೆ ನೋಡಿ, ತೋಟೆ ನಾನು ತುಂಬಿಸುತ್ತೇನೆ" ಅಂದರು. ನಡುವೆ ಒಂದೊಂದು ಸಲ ಮದ್ದಿಲ್ಲದ ಡಮ್ಮಿ ತೋಟೆ ಹಾಕುತ್ತಿದ್ದರು. ನನಗೆ ಯಾವುದು ಅಂತ ಗೊತ್ತಿಲ್ಲ. ಡಮ್ಮಿ ಇದ್ದಾಗ ಟ್ರಿಗರ್ ಎಳೆದರೆ ಬರೀ 'ಟಕ್' ಅನ್ನಬೇಕು, ನಳಿಗೆ ಅಲುಗಬಾರದು. ನನ್ನ ನಳಿಗೆಯ ತುದಿ ನಾಲ್ಕು ಬೆರಳು ಕೆಳಗೆ ಹೋಯಿತು, ಹೆಗಲು ತಾನಾಗಿಯೇ ಮುಂದೆ ಬಂತು, ಕಣ್ಣು ಮುಚ್ಚಿತು. ಒದೆತ ಬರುವ ಮೊದಲೇ ಮೈ ಅದಕ್ಕೆ ಹೆದರಿ ಸಿದ್ಧವಾಗುತ್ತಿತ್ತು. ಹೀಗಾದರೆ ಗುರಿ ಎಲ್ಲಿ ಸಿಗುತ್ತದೆ? ಹಂದಿಗೆ ಸರಿಯಾದ ಜಾಗಕ್ಕೆ ತಾಗದೆ ಗಾಯವಾಗಿ ಓಡಿದರೆ ಮರುದಿನ ಹುಲ್ಲು ತರಲು ಹೋಗುವವರಿಗೆ ಅಪಾಯ.

ಮೊದಲು ಲೆಕ್ಕ ಮಾಡಿದೆ. ಗುಂಡು ಮತ್ತು ಮದ್ದಿನ ಹೊಗೆ ಎಷ್ಟು ರಭಸದಿಂದ (ತೂಕ, ವೇಗ ಎರಡೂ ಸೇರಿದ ಲೆಕ್ಕ) ಮುಂದೆ ಹೋಗುತ್ತವೋ ಅಷ್ಟೇ ರಭಸ ಕೋವಿಗೆ ಹಿಂದಕ್ಕೆ ಸಿಗುತ್ತದೆ. ಅದು ತೋಟೆಗೆ ಸೇರಿದ್ದು, ಮರ ಬದಲಿಸಿದರೆ ಬದಲಾಗುವುದಿಲ್ಲ. ಬದಲಾಗುವುದು ಕೋವಿ ಹಿಂದೆ ಬರುವ ವೇಗ. ಅಡಿಕೆ ತೂಗುವ ಯಂತ್ರದ ಮೇಲೆ ಖಾಲಿ ರೈಫಲ್ ಇಟ್ಟರೆ 3 ಕಿಲೋ 400 ಗ್ರಾಂ ತೋರಿಸಿತು. ಅದನ್ನು 4 ಕಿಲೋ ಮಾಡಿದರೆ ಹಿಂದೆ ಬರುವ ವೇಗ ನೂರಕ್ಕೆ ಹದಿನೈದು ಪಾಲು ಇಳಿಯುತ್ತದೆ. ಹೆಗಲಿಗೆ ಬಡಿಯುವ ಶಕ್ತಿಯೂ ಅಷ್ಟೇ ಪಾಲು ಇಳಿಯುತ್ತದೆ. ಒದೆತ ಅರ್ಧ ಆಗಬೇಕು ಅಂತ ಆಸೆಪಟ್ಟರೆ ಕೋವಿ 6 ಕಿಲೋ 800 ಗ್ರಾಂ ಆಗಬೇಕು! ಅದನ್ನು ಹೊತ್ತು ಗುಡ್ಡೆ ಹತ್ತುವವರು ಯಾರು? ನಾನು ತೋಟದ ಬದಿಯಲ್ಲಿ ಕೂತು ಕಾಯುವವನು, ನಡೆಯುವುದು ಕಡಿಮೆ. ಹಾಗಾಗಿ 4 ಕಿಲೋ ಸಾಕು ಅಂತ ತೀರ್ಮಾನಿಸಿದೆ.

ಬೇರೆ ದಾರಿಗಳೂ ಇವೆ. ನಳಿಗೆಯ ತುದಿಗೆ ಒದೆತ ತಗ್ಗಿಸುವ ಬ್ರೇಕ್ ಹಾಕಿಸಬಹುದು ಅನ್ನುತ್ತಾರೆ. ಅದಕ್ಕೆ ನಳಿಗೆಯನ್ನೇ ಮುಟ್ಟಬೇಕು, ಮೇಲಾಗಿ ಸದ್ದು ಕಿವಿ ಒಡೆಯುವಷ್ಟು. ಪ್ಲಾಸ್ಟಿಕ್ ಸ್ಟಾಕ್ ಮಳೆಗೆ ಒಳ್ಳೆಯದು, ಆದರೆ ಹೆಚ್ಚಿನವು ಒಳಗೆ ಟೊಳ್ಳು, ಹಗುರ. ನನಗೆ ಬೇಕಾದದ್ದು ಅದರ ತದ್ವಿರುದ್ಧ.

ಮರದ ವಿಷಯಕ್ಕೆ ಬರುತ್ತೇನೆ. ಹಳೆ ಸ್ಟಾಕ್ ಅಕ್ರೋಟಿನದ್ದೋ ಅಂಥದ್ದೇ ಹಗುರ ಮರದ್ದೋ. ಮಿಲ್ಲಿನವರ ಲೆಕ್ಕದಲ್ಲಿ ಹೇಳುವುದಾದರೆ ಒಣಗಿದ ಸಾಗುವಾನಿ ಘನ ಅಡಿಗೆ ಸುಮಾರು 18 ಕಿಲೋ ತೂಗುತ್ತದೆ, ಅಕ್ರೋಟ್ ಕೂಡ ಹೆಚ್ಚುಕಡಿಮೆ ಅಷ್ಟೇ. ಬೀಟಿ 24ರ ಹತ್ತಿರ. ಬೀಟಿಯೇ ಸರಿ ಅನ್ನಿಸಿತು. ಆದರೆ ನಮ್ಮದೇ ಜಾಗದಲ್ಲಿ ಬೆಳೆದ ಬೀಟಿಯನ್ನೂ ಸುಮ್ನೆ ಕಡಿಯುವಂತಿಲ್ಲ, ಅರಣ್ಯ ಇಲಾಖೆ ಬಾಗಿಲಿಗೆ ಬರುತ್ತದೆ. ಕಡಿದರೂ ಹಸಿ ಮರ ಒಣಗಲು ವರ್ಷಗಳು ಬೇಕು. ನನಗೆ ದಾರಿ ತೋರಿಸಿದ್ದು ಹಳೆ ಮನೆ. ಉಪ್ಪರಿಗೆ ಕಳಚಿದಾಗ ತೆಗೆದಿಟ್ಟ ಬೀಟಿಯ ದಾರಂದ ಕೊಟ್ಟಿಗೆಯ ಅಟ್ಟದಲ್ಲಿತ್ತು. ಅಜ್ಜನ ಕಾಲದ ಮರ, ಇನ್ನು ಒಣಗಲು ಬಾಕಿ ಏನೂ ಇಲ್ಲ. ಆಚಾರಿಯವರು ಮೊಳೆ ಇದ್ದ ಕಡೆ ಬಿಟ್ಟು ಎರಡು ತುಂಡು ಕೊಯ್ದು ಕೊಟ್ಟರು. ಹೆಗಲಿಗೆ ಒರಗುವ ಹಿಂದಿನ ಭಾಗಕ್ಕೆ, ಅಂದರೆ ಬಟ್ಟಿಗೆ, ಒಂದು, ನಳಿಗೆಯ ಕೆಳಗಿನ ಮುಂಮರಕ್ಕೆ ಉದ್ದದ್ದು ಒಂದು. ಈ ರೈಫಲಿನಲ್ಲಿ ಎರಡೂ ಬೇರೆ ಬೇರೆ. ಕೊಯ್ಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕೈ ಹಿಡಿಯುವ ಸಪೂರ ಭಾಗದಲ್ಲಿ ಮರದ ಎಳೆ ನೇರವಾಗಿ ಉದ್ದಕ್ಕೆ ಹೋಗಿರಬೇಕು. ಅಲ್ಲಿ ಎಳೆ ಓರೆಯಾದರೆ ಮರ ಎಷ್ಟೇ ಗಟ್ಟಿ ಇದ್ದರೂ ಒಂದು ದಿನ ಸೀಳುತ್ತದೆ. ಚೆಂದದ ಸುರುಳಿ ಗೆರೆ ಇದ್ದ ತುಂಡನ್ನು ಆಚಾರಿಯವರು ಎತ್ತಿ ತೋರಿಸಿದರು. ಚೆಂದ ಇತ್ತು, ಹೌದು. ಬೇಡ ಅಂದೆ.

ಬಂದೂಕಿನ ಕೆಲಸ ಲೈಸೆನ್ಸ್ ಇರುವ ಅಂಗಡಿಯಲ್ಲೇ ಮಾಡಿಸಬೇಕು, 1959ರ ಆಯುಧ ಕಾಯಿದೆಯಲ್ಲಿ ರಿಪೇರಿಗೂ ಪರವಾನಗಿ ಬೇಕು. ಇಲ್ಲಿ ಗಡಿಯ ಒಂದು ತಮಾಷೆ ಇದೆ. ನಮಗೆ ಆಸ್ಪತ್ರೆ, ಕಾಲೇಜು, ಮದುವೆ ಸೀರೆ ಎಲ್ಲದಕ್ಕೂ ಮಂಗಳೂರು. ಬಸ್ಸು ಹತ್ತಿದರೆ ಆಯಿತು. ಆದರೆ ನನ್ನ ಲೈಸೆನ್ಸ್ ಕೇರಳ ರಾಜ್ಯಕ್ಕೆ ಮಾತ್ರ. ರೈಫಲ್ ಹಿಡಿದು ಗಡಿಯ ತಲಪಾಡಿ ದಾಟಿದರೆ ಅಪರಾಧ. ಹಾಗಾಗಿ ಹತ್ತಿರದ ಪೇಟೆ ಬಿಟ್ಟು, ದಕ್ಷಿಣಕ್ಕೆ, ಕಣ್ಣೂರಿನ ಕಡೆ ಹೋದೆ. ಕೋವಿ ಬಿಟ್ಟು ಬರುವಾಗ ಲೈಸೆನ್ಸಿನ ನಂಬರು, ಕೋವಿಯ ನಂಬರು ಬರೆದ ರಸೀದಿ ತೆಗೆದುಕೊಳ್ಳಿ, ಮರೆಯಬೇಡಿ. ಚುನಾವಣೆ ಹತ್ತಿರ ಇದ್ದರೆ ಈ ಕೆಲಸಕ್ಕೆ ಕೈಹಾಕಲೇಬೇಡಿ. ಕೋವಿ ಠಾಣೆಯಲ್ಲಿ ಇಡಿ ಅಂತ ನೋಟೀಸು ಬರುವಾಗ ಬಟ್ಟು ಒಂದು ಕಡೆ, ನಳಿಗೆ ಒಂದು ಕಡೆ ಇದ್ದರೆ ಕಷ್ಟ.

ಅಂಗಡಿಯ ಮೇಸ್ತ್ರಿ ವಯಸ್ಸಾದವರು. ಅವರದು ಮಲಯಾಳ, ನನ್ನದು ಮುರುಕು ಮಲಯಾಳ, ಕೆಲಸ ನಡೆಯಿತು. ಬಟ್ಟನ್ನು ಹಿಡಿದಿಡುವುದು ಒಳಗಿನ ಒಂದು ಉದ್ದ ಬೋಲ್ಟು. ಹಿಂದಿನ ತಗಡಿನ ಕಡೆಯಿಂದ ಉದ್ದದ ಸ್ಕ್ರೂಡ್ರೈವರ್ ಹಾಕಿ ಬಿಚ್ಚಬೇಕು. ಮೇಸ್ತ್ರಿ ಅದಕ್ಕೆ ಕೈ ಹಾಕಲೇ ಇಲ್ಲ, ಮೊದಲು ಮುಂಮರ ಕಳಚಿದರು. "ಇದನ್ನು ತೆಗೆಯದೆ ಬೋಲ್ಟು ತಿರುಗಿಸಿದ ಎಷ್ಟು ಕೋವಿಗಳು ನನ್ನ ಹತ್ತಿರ ಸೀಳಿಕೊಂಡು ಬಂದಿಲ್ಲ ಸಾರ್" ಅಂದರು. ಆಮೇಲೆ ತೋರಿಸಿದರು. ಬೋಲ್ಟಿನ ಮುಂದಿನ ತುದಿ ಚೌಕ. ಅದು ಮುಂಮರದ ಹಿಂಬದಿಯ ಒಂದು ಸಣ್ಣ ತಗಡಿನ ಗಂಡಿಯಲ್ಲಿ ಕೂತಿರುತ್ತದೆ. ಮುಂಮರ ಇದ್ದಾಗಲೇ ತಿರುಗಿಸಿದರೆ ಆ ಚೌಕ ಮರವನ್ನು ಒಳಗಿನಿಂದ ಮೀಟುತ್ತದೆ. ಮನೆಯಲ್ಲೇ ಬಿಚ್ಚಿ ನೋಡುವ ಚಪಲ ಇರುವವರು ಇಷ್ಟು ನೆನಪಿಟ್ಟರೆ ಸಾಕು.

ಹೊಸ ಬಟ್ಟನ್ನು ಕೂರಿಸಲು ಅವರು ಬಹಳ ಹೊತ್ತು ತೆಗೆದುಕೊಂಡರು. ಬಟ್ಟು ಕೂರುವ ಉಕ್ಕಿನ ಗೂಡಿಗೆ ದೀಪದ ಮಸಿ ಸವರುವುದು, ಮರ ಒತ್ತುವುದು, ತೆಗೆದು ಮಸಿ ಹತ್ತಿದ ಕಡೆ ಮಾತ್ರ ಉಳಿಯಿಂದ ಕೆರೆಯುವುದು, ಪುನಃ ಒತ್ತುವುದು. ಮರದ ತುದಿ ಗೂಡಿನ ತಳಕ್ಕೆ ಪೂರ್ತಿ ತಾಗಿ ಕೂರಬೇಕು. ಅಲ್ಲಿ ಎಳ್ಳಷ್ಟು ಸಡಿಲ ಇದ್ದರೂ ಪ್ರತಿ ಈಡಿಗೆ ಕೋವಿ ಮರದೊಳಗೇ ಕುಟ್ಟುತ್ತದೆ, ಆ ಕುಟ್ಟು ಹೆಗಲಿಗೂ ಬರುತ್ತದೆ.

ತೂಕ ಬಂದದ್ದು ಹೀಗೆ. ಬಟ್ಟು ಬೀಟಿಯದ್ದಾಗಿ, ಸ್ವಲ್ಪ ದಪ್ಪವೂ ಆಗಿ 300 ಗ್ರಾಂ ಏರಿತು. ಮುಂಮರದಲ್ಲಿ 150. ಬೋಲ್ಟಿನ ಹಿಂದೆ ಉಳಿಯುವ ತೂತಿನಲ್ಲಿ ಸೀಸ 150, ಬಟ್ಟೆ ಸುತ್ತಿ ಅಲುಗದ ಹಾಗೆ. ಸೀಸವನ್ನೇ ಇನ್ನೂ ತುಂಬಿದರೆ ಸುಲಭ ಅಲ್ವಾ ಅಂತ ಕೇಳಿದೆ. ಮೇಸ್ತ್ರಿ ಮಾತಾಡದೆ ಇನ್ನೊಂದು ಹಿಡಿ ಸೀಸ ಹಾಕಿ ಕೋವಿ ನನ್ನ ಕೈಗೆ ಕೊಟ್ಟರು. ಹೆಗಲಿಗೆ ಏರಿಸಿದರೆ ನಳಿಗೆ ಗಾಳಿಗೆ ಹಾರುವ ಹಾಗೆ ಅತ್ತಿತ್ತ ಹೋಯಿತು. ಭಾರ ಎಲ್ಲ ಹಿಂದೆ ಸೇರಿದರೆ ಈಡಾದಾಗ ನಳಿಗೆ ಹೆಚ್ಚು ಮೇಲೆ ಹಾರುತ್ತದೆ. ಮುಂಮರವೂ ಭಾರ ಆಗಬೇಕು ಅನ್ನುವುದು ಇದಕ್ಕೇ.

ಇಷ್ಟೆಲ್ಲ ಮಾಡಿದರೂ ನನ್ನ ಹೆಗಲಿನ ಲೆಕ್ಕದಲ್ಲಿ ಅರ್ಧಕ್ಕರ್ಧ ಉಪಕಾರ ಮಾಡಿದ್ದು ತೂಕ ಅಲ್ಲ, ಅಳತೆ. ಹಳೆ ಬಟ್ಟಿನ ತುದಿಗೆ ಸಪೂರ ಉಕ್ಕಿನ ತಗಡು ಇತ್ತು. ಈಗ ಒಂದು ಇಂಚು ದಪ್ಪದ ಅಗಲ ರಬ್ಬರ್ ಪ್ಯಾಡ್ ಇದೆ. ಒದೆತ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ನಿಧಾನಕ್ಕೆ ಬರುತ್ತದೆ. ಪ್ಯಾಡಿನ ದಪ್ಪದಷ್ಟು ಮರ ಗಿಡ್ಡ ಮಾಡಿಸಬೇಕು, ಇಲ್ಲದಿದ್ದರೆ ಬಟ್ಟು ಉದ್ದವಾಗಿ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಅಳತೆ ಕೊಡಲು ಹೋಗುವಾಗ ಇಸ್ತ್ರಿ ಶರ್ಟು ಬೇಡ, ರಾತ್ರಿ ಕಾಯುವಾಗ ಹಾಕುವ ಅಂಗಿಯೇ ಇರಲಿ. ಚಳಿದೇಶದವರ ಅಳತೆ ದಪ್ಪ ಕೋಟಿನ ಮೇಲೆ ತೆಗೆದದ್ದು, ನಮ್ಮ ಬನಿಯನ್ನಿಗೆ ಅದು ಹೊಂದುವುದಿಲ್ಲ. ಕೆನ್ನೆ ಒರಗುವ ಜಾಗವನ್ನೂ ಸ್ವಲ್ಪ ಎತ್ತರಿಸಿದರು. ಮೊದಲು ಕೆನ್ನೆ ಮರಕ್ಕೆ ಸರಿಯಾಗಿ ಒತ್ತುತ್ತಿರಲಿಲ್ಲ, ಈಡಾದಾಗ ಮರ ಮೇಲೆದ್ದು ದವಡೆಗೆ ಬಡಿಯುತ್ತಿತ್ತು. ತೀರಾ ಎತ್ತರಿಸುವಂತೆಯೂ ಇಲ್ಲ, ತೋಟೆ ತುಂಬಿಸಲು ಹಿಂದಕ್ಕೆ ಎಳೆಯುವ ಬೋಲ್ಟಿಗೆ (ಇದು ಬಟ್ಟಿನೊಳಗಿನ ಬೋಲ್ಟು ಅಲ್ಲ, ಬೇರೆ) ಮರ ಅಡ್ಡ ಬರುತ್ತದೆ.

ಪಾಲಿಶ್ ಮನೆಯಲ್ಲಿ ನಾನೇ ಮಾಡಿದೆ. ಅಗಸೆ ಎಣ್ಣೆ, ತೆಳ್ಳಗೆ, ಅಂಗೈಯಿಂದ ತಿಕ್ಕಿ, ಒಣಗಿದ ಮೇಲೆ ಮತ್ತೊಂದು ಕೈ. ತೆಂಗಿನೆಣ್ಣೆ ಕೈಗೆ ಸಿಗುತ್ತದೆ ಅಂತ ಹಚ್ಚಬೇಡಿ, ಅದು ಗಟ್ಟಿಯಾಗುವುದಿಲ್ಲ, ಧೂಳು ಹಿಡಿಯುತ್ತದೆ. ತೊಲೆಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಯಾರೋ ಹೇಳಿದರು. ಗೆದ್ದಲಿಗೆ ಅದು ಒಳ್ಳೆಯದೇ, ಆದರೆ ಕೆನ್ನೆ ಇಡುವ ಜಾಗಕ್ಕೆ ಹಚ್ಚಿದರೆ ಮುಖ ಗುಳ್ಳೆ ಏಳುತ್ತದೆ. ಪ್ಯಾಡಿನ ಅಡಿಗೆ ಬರುವ ಕೊಯ್ದ ಮುಖಕ್ಕೆ ಎಣ್ಣೆ ಜಾಸ್ತಿ ಕುಡಿಸಿ, ನಮ್ಮ ಮಳೆಗಾಲದ ತೇವ ಒಳಗೆ ಹೋಗುವುದೇ ಅಲ್ಲಿಂದ. ಮಳೆಗಾಲ ಕಳೆದ ಮೇಲೆ ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡುತ್ತೇನೆ, ಸ್ವಲ್ಪ ಸಡಿಲ ಆಗಿಯೇ ಇರುತ್ತವೆ.

ಪುನಃ ರೇಂಜಿಗೆ ಹೋಗಿ ಅದೇ ಡಮ್ಮಿ ತೋಟೆಯ ಆಟ ಆಡಿದೆವು. ಮೊದಮೊದಲು ನಳಿಗೆ ಸ್ವಲ್ಪ ಬಗ್ಗಿತು. ಮೈಗೆ ಹಿಡಿದ ಹೆದರಿಕೆ ಮರ ಬದಲಿಸಿದ ಕೂಡಲೇ ಹೋಗುವುದಿಲ್ಲ. ಆಮೇಲೆ ನಿಂತಿತು. ಗುಂಡು ಬೀಳುವ ಜಾಗವೂ ಮೊದಲಿಗಿಂತ ತುಸು ಸರಿದಿತ್ತು, ಗುರಿ ನೋಡಲು ನಳಿಗೆಯ ಮೇಲಿರುವ ಗುರಿಗಾಳನ್ನು ತಿರುಗಿ ಹೊಂದಿಸಬೇಕಾಯಿತು. ಮರ ಬದಲಿಸಿದವರು ಇದನ್ನು ನೋಡದೆ ಹಂದಿಗೆ ಹೋಗಬಾರದು. ಎತ್ತಿಕೊಂಡು ನಡೆಯುವಾಗ ಮಾತ್ರ ಹೆಚ್ಚಿನ 600 ಗ್ರಾಂ ಗೊತ್ತಾಗುತ್ತದೆ. ಸಪೂರ ಚರ್ಮದ ಪಟ್ಟಿ ತೆಗೆದು ಅಗಲದ ಕ್ಯಾನ್ವಾಸ್ ಪಟ್ಟಿ ಹಾಕಿದೆ.

ಇದನ್ನು ನೋಡಿ ನಮ್ಮ ಭಾವನೂ ತನ್ನ ಹನ್ನೆರಡು ಬೋರಿನ ಒಂಟಿ ನಳಿಗೆಯ ಕೋವಿಗೆ ಬೀಟಿ ಹಾಕಿಸಲು ಹೊರಟಿದ್ದಾರೆ. ದಾರಂದದ ಉಳಿದ ತುಂಡು ಕೊಡು ಅಂತ ಫೋನು. "ಭಾವ, ಅದರ ಮುಂಮರ ಅಂಗೈ ಅಗಲ. ಮರ ಬದಲಿಸಿದರೆ ಭಾರ ಎಲ್ಲ ಹಿಂದೆಯೇ ಬೀಳುತ್ತದೆ. ಮೊದಲು ಪ್ಯಾಡ್ ಹಾಕಿಸಿ, ನಾಲ್ಕು ಈಡು ಹೊಡೆದು ನೋಡಿ" ಅಂದಿದ್ದೇನೆ. ತುಂಡು ಅಟ್ಟದಲ್ಲೇ ಇದೆ.