ಶಿರಸಿಯಲ್ಲಿ ಮೆರವಣಿಗೆಗೆ ಅನುಮತಿ: ಮೂರನೇ ಸಲ ಸಿಕ್ಕಿದ್ದು ಹೀಗೆ

ಬಿಡ್ಕಿಬೈಲಿನಿಂದ ಎಸಿ (ಉಪವಿಭಾಗಾಧಿಕಾರಿ) ಕಚೇರಿವರೆಗೆ ಮೆರವಣಿಗೆ, ಆಮೇಲೆ ಮನವಿ. ಇಷ್ಟಕ್ಕೇ ಅರ್ಜಿ ಎರಡು ಸಲ ವಾಪಸ್ ಬಂತು.

ಮೊದಲು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ನಗರಸಭೆಗೆ ಕೊಟ್ಟಿದ್ದೆವು. ರಸ್ತೆ ಮೆರವಣಿಗೆಗೆ ಹೋಗಬೇಕಾದ್ದು ಪೊಲೀಸರ ಹತ್ತಿರ. ಅಲ್ಲಿ ಕೊಟ್ಟಾಗ ‘ಬೆಳಿಗ್ಗೆ ಮೆರವಣಿಗೆ’ ಎಂದಷ್ಟೇ ಬರೆದಿದ್ದೆ, ಅದೂ ನಡೆಯಲಿಲ್ಲ. ಪರಿಚಯದವರಿಂದ ಫೋನ್ ಮಾಡಿಸಿದ್ದು ಸುಮ್ನೆ ದಂಡ.

ಕೊನೆಗೆ ಅರ್ಜಿಯನ್ನೇ ಎರಡು ಮಾಡಿದೆ. ಮೆರವಣಿಗೆಗೆ ಒಂದು, ಮೈಕಿಗೆ ಇನ್ನೊಂದು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಮೈಕಿಗೆ ಲಿಖಿತ ಅನುಮತಿ ಬೇಕೇ ಬೇಕು. ಮೊದಲನೆಯದರಲ್ಲಿ ಬರೆದ ಕ್ರಮ ಇದು: ತಾರೀಖು, ಸೇರುವುದು 10ಕ್ಕೆ, ಹೊರಡುವುದು 10.30ಕ್ಕೆ, ಮುಗಿಯುವುದು 12ಕ್ಕೆ, ಅಂದಾಜು 150 ಜನ, ಜವಾಬ್ದಾರಿ ಹೊತ್ತ ಮೂವರ ಹೆಸರು, ಮೊಬೈಲ್ ನಂಬರ್. ಜೊತೆಗೆ ಕೈಯಲ್ಲೇ ಬಿಡಿಸಿದ ನಕ್ಷೆ. ಪ್ರತಿ ತಿರುವಿಗೂ ಬಾಣ, ನಾವು ನಡೆಯುವ ಎಡಬದಿಗೆ ಕೆಂಪು ಗೆರೆ. ನಕ್ಷೆ ನೋಡಿದ ಮೇಲೇ ಮಾತು ಮುಂದುವರಿದಿದ್ದು. ಮೈಕಿನ ಅರ್ಜಿಯಲ್ಲಿ, ಆಸ್ಪತ್ರೆ, ಶಾಲೆ, ಕೋರ್ಟಿನಿಂದ 100 ಮೀಟರ್ ಒಳಗೆ ಮೈಕ್ ಬಂದ್ ಎಂದು ನಾವೇ ಬರೆದುಕೊಟ್ಟೆವು.

ಎರಡಕ್ಕೂ ಜೆರಾಕ್ಸ್ ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. ನಾಲ್ಕನೇ ದಿನ ಪತ್ರ ಕೈಗೆ ಬಂತು. ಷರತ್ತು ಒಂದೇ ಜಾಸ್ತಿ ಇತ್ತು: ಬಸ್ಸಿಗೆ ಅರ್ಧ ರಸ್ತೆ ಬಿಡಬೇಕು.