ತೊಟ್ಟಿಕ್ಕುವ ನಲ್ಲಿ: ಮನೆ ರಿಪೇರಿ ಇಲ್ಲಿಂದ ಶುರುಮಾಡಿ

ರಿಪೇರಿ ಕೆಲಸಕ್ಕೆ ಕೈ ಹಾಕಬೇಕೆನ್ನುವವರು ಮೊದಲು ಸೋರುವ ನಲ್ಲಿಯನ್ನೇ ಹಿಡಿಯಿರಿ. ಅಡ್ಜಸ್ಟಬಲ್ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪು, ಒಂದು ಹಳೇ ಬಟ್ಟೆ ಇದ್ದರೆ ಸಾಕು.

ಬಿಚ್ಚುವ ಮುಂಚೆ ನಲ್ಲಿಯನ್ನು ಚೆನ್ನಾಗಿ ಒರೆಸಿ, ಐದು ನಿಮಿಷ ಕಾದು ನೋಡಿ. ಬಾಯಿಂದ ತೊಟ್ಟಿಕ್ಕಿದರೆ ತೊಂದರೆ ಒಳಗಿನ ವಾಷರ್ ಅಥವಾ ಸ್ಪಿಂಡಲ್‌ನಲ್ಲಿದೆ (ಸ್ಪಿಂಡಲ್ ಎಂದರೆ ಹಿಡಿ ತಿರುಗಿಸಿದಾಗ ಒಳಗೆ ತಿರುಗಿ ನೀರು ಬಿಡುವ, ತಡೆಯುವ ಭಾಗ). ಗೋಡೆ ಸೇರುವಲ್ಲಿ ಜಿನುಗಿದರೆ ಥ್ರೆಡ್ಡಿಗೆ (ತಿರುಗಿಸಿ ಕೂರಿಸುವ ಗೀರುಗಳಿಗೆ) ಸುತ್ತಿದ ಟೇಪು ಹಾಳಾಗಿದೆ. ಇದನ್ನು ನೋಡದೆ ಬಿಚ್ಚಿದರೆ ಸರಿಯಿದ್ದದ್ದನ್ನೂ ಕೆಡಿಸುತ್ತೀರಿ.

ಗೀಸರ್ ಆಫ್ ಮಾಡಿ, ತಾರಸಿಯ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಸುಣ್ಣ ಕಟ್ಟಿ ವಾಲ್ವ್ ಬಿಗಿದಿರುತ್ತದೆ. ಜೋರು ಮಾಡಬೇಡಿ, ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸುತ್ತ ಸಡಿಲಿಸಿ. ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಖಾಲಿ ಮಾಡಿ. ಸ್ಕ್ರೂ ಬಿದ್ದು ಹೋಗದಂತೆ ಕೆಳಗಿನ ಜಾಲರಿಗೆ ಬಟ್ಟೆ ಮುಚ್ಚಿ.

ಹಿಡಿಯ ಮೇಲಿನ ಮುಚ್ಚಳ ಎಬ್ಬಿಸಿದರೆ ಸ್ಕ್ರೂ ಕಾಣುತ್ತದೆ. ಹಿಡಿ ತೆಗೆದ ಮೇಲೆ ಆರು ಮೂಲೆಯ ಹಿತ್ತಾಳೆ ಭಾಗಕ್ಕೆ ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿ, ಸ್ಪಿಂಡಲ್ ಹೊರಬರುತ್ತದೆ. ಆಗ ಇನ್ನೊಂದು ಕೈಯಲ್ಲಿ ನಲ್ಲಿಯ ಮೈಯನ್ನು ಗಟ್ಟಿಯಾಗಿ ಹಿಡಿದಿರಲೇಬೇಕು. ಹಿಡಿಯದಿದ್ದರೆ ಇಡೀ ನಲ್ಲಿಯೇ ತಿರುಗಿ ಗೋಡೆಯೊಳಗಿನ ಜೋಡಣೆ ಬಿರುಕು ಬಿಡಬಹುದು. ಆಮೇಲೆ ಟೈಲ್ಸ್ ಒಡೆಯದೆ ಗತಿಯಿಲ್ಲ.

ಹಲವು ಸುತ್ತು ತಿರುಗುವ ಹಳೇ ನಲ್ಲಿಯಾದರೆ ಸ್ಪಿಂಡಲ್ ತುದಿಯಲ್ಲಿ ರಬ್ಬರ್ ವಾಷರ್ ಇರುತ್ತದೆ. ಒತ್ತಿ ಒತ್ತಿ ಅದರಲ್ಲಿ ಉಂಗುರದಂಥ ಗುಳಿ ಬಿದ್ದಿರುತ್ತದೆ. ಹೊಸದು ಹಾಕುವ ಮೊದಲು ವಾಷರ್ ಕೂರುವ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲ್ಲಿ ತರಚಿದ್ದರೆ ಹೊಸ ವಾಷರೂ ಬೇಗ ಹರಿಯುತ್ತದೆ, ನಲ್ಲಿಯನ್ನೇ ಬದಲಿಸುವುದು ಮೇಲು. ಕಾಲು ಸುತ್ತಿಗೇ ತೆರೆಯುವ ನಲ್ಲಿಯಲ್ಲಿ ಸೆರಾಮಿಕ್ ಬಿಲ್ಲೆಗಳಿರುತ್ತವೆ. ನಡುವೆ ಮರಳಿನ ಕಣ ಸಿಕ್ಕಿದ್ದರೆ ತೊಳೆದರೆ ಸಾಕು, ಆಗಲೂ ಸೋರಿದರೆ ಸ್ಪಿಂಡಲ್ ಹೊಸದು ಹಾಕಿ. ಹಾರ್ಡ್‌ವೇರ್ ಅಂಗಡಿಗೆ ಹಳೆಯದನ್ನೇ ಒಯ್ಯಿರಿ: ಉದ್ದದ ಜೊತೆಗೆ, ಹಿಡಿ ಕೂರುವ ತುದಿಯ ಹಲ್ಲುಗಳನ್ನೂ ಎಣಿಸಿ ಹೊಂದಿಸಬೇಕು. 20 ಹಲ್ಲಿನ ಹಿಡಿಗೆ 24ರದ್ದು ಕೂರುವುದಿಲ್ಲ.

ಗೋಡೆಯ ಬಳಿ ಸೋರುತ್ತಿದ್ದರೆ ನಲ್ಲಿ ಬಿಚ್ಚಿ ಹಳೇ ಟೇಪು ಪೂರ್ತಿ ಕೆರೆದು ತೆಗೆಯಿರಿ. ಥ್ರೆಡ್ಡಿನ ತುದಿಯನ್ನು ನಿಮ್ಮ ಕಡೆ ಮಾಡಿಕೊಂಡು ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಳೆದು ಬಿಗಿಯಾಗಿ 12ರಿಂದ 15 ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ಕೂರಿಸುವಾಗಲೇ ಟೇಪು ಬಿಚ್ಚಿಕೊಳ್ಳುತ್ತದೆ. ಬಿಗಿಯುವಾಗ ನಲ್ಲಿಯ ಬಾಯಿ ಕೆಳಮುಖಕ್ಕೆ ಬರುವ ಜಾಗ ದಾಟಿತೆಂದು ಹಿಂದಕ್ಕೆ ತಿರುಗಿಸಬೇಡಿ, ಅಲ್ಲೇ ಸೋರಿಕೆ ಶುರು. ಬಿಚ್ಚಿ, ಒಂದೆರಡು ಸುತ್ತು ಹೆಚ್ಚಿಗೆ ಸುತ್ತಿ ಮತ್ತೆ ಕೂರಿಸಿ. ಪ್ಲಾಸ್ಟಿಕ್ ನಲ್ಲಿಗೆ ಕೈಬಿಗಿಯ ಮೇಲೆ ಅರ್ಧ ಸುತ್ತು ಸಾಕು.

ವಾಲ್ವನ್ನು ನಿಧಾನಕ್ಕೆ ತೆರೆಯಿರಿ, ನಲ್ಲಿ ತೆರೆದೇ ಇರಲಿ. ಗಾಳಿ ಬುಸುಗುಟ್ಟುವುದು ನಿಂತ ಮೇಲೆ ಮುಚ್ಚಿ. ಜೋಡಣೆಗೆ ಒಣ ನ್ಯೂಸ್‌ಪೇಪರ್ ಚೂರು ಸುತ್ತಿ ಹತ್ತು ನಿಮಿಷ ಬಿಡಿ, ಸಣ್ಣ ಜಿನುಗೂ ಕಲೆಯಾಗಿ ಕಾಣುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ನೀರು ತಡೆಯಿಲ್ಲದೆ ಹರಿದ ಮೇಲಷ್ಟೇ ಗೀಸರ್ ಹಾಕಿ.