ಬಸ್ ಬೋರ್ಡು, ತೊಗರಿ ಲೆಕ್ಕ: ಜರ್ಮನಿಯಿಂದ ಬಂದ ನನ್ನ ಮಕ್ಕಳು ಕಲಬುರಗಿ ಶಾಲೆಗೆ ಹೊಂದಿಕೊಂಡದ್ದು

ಜರ್ಮನಿಯಿಂದ ಕಲಬುರಗಿಗೆ ವಾಪಸ್ ಬಂದಾಗ ಮಗಳಿಗೆ ಒಂಬತ್ತು, ಮಗನಿಗೆ ಆರು. "ಒಂದು ಕ್ಲಾಸ್ ಹಿಂದ ಹಾಕ್ರಿ, ಇಲ್ಲಾಂದ್ರ ಹುಡುಗಿಗಿ ತ್ರಾಸ ಆಗ್ತದ" ಎಂದು ಶಾಲೆಯವರು ಹೇಳಿದರು, ಮಾವನವರೂ ಅದನ್ನೇ ಹೇಳಿದರು. ನಾನು ಒಪ್ಪಲಿಲ್ಲ. ಈಗ ಮಗಳು ಐದನೇ ಕ್ಲಾಸು. ಕನ್ನಡದಲ್ಲಿ ಎಪ್ಪತ್ತರ ಮೇಲೆ, ಗಣಿತದಲ್ಲಿ ತೊಂಬತ್ತರ ಆಸುಪಾಸು ತೆಗೆಯುತ್ತಾಳೆ.

ಮೊದಲು ಹಾಳಾದ ದುಡ್ಡಿನ ಮಾತು. ಇಬ್ಬರ ಕನ್ನಡ ಟ್ಯೂಷನ್ನಿಗೆ ತಿಂಗಳಿಗೆ ಮೂರು ಸಾವಿರದಂತೆ ಐದು ತಿಂಗಳು ಕೊಟ್ಟೆ. ಕಾಗುಣಿತವನ್ನು ಹತ್ತತ್ತು ಸಲ ಬರೆಸಿದರು. ಮಗಳು ದುಂಡಗೆ ಬರೆದಳು, ಓದಲು ಮಾತ್ರ ಬರಲಿಲ್ಲ. ಆಮೇಲೆ ಒಂದು ಆಪ್, ನಾಲ್ಕು ಸಾವಿರ ಚಿಲ್ಲರೆ. ಅದು "ಏನು ಮಾಡುತ್ತಿದ್ದೀಯ" ಎಂದರೆ ಮನೆಯಲ್ಲಿ ಆಯಿ (ಅಜ್ಜಿ) "ಏನ್ ಮಾಡ್ಲಿಕತ್ತೀ" ಎನ್ನುತ್ತಾರೆ. ಮಗ ಎರಡೂ ಬೇರೆ ಭಾಷೆ ಎಂದುಕೊಂಡಿದ್ದ. ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಹೋಯಿತು.

ದಾರಿ ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲಿ. ತವರಿಗೆ ಹೋಗಲು ನಿಂತಿದ್ದಾಗ ಮಗ "ಆಳಂದ" ಎಂಬ ಬೋರ್ಡನ್ನು ತಾನೇ ಕೂಡಿಸಿ ಓದಿದ. ಅಂದಿನಿಂದ ಎಂಟು ತಿಂಗಳು, ಪ್ರತಿ ಭಾನುವಾರ, ಬಿಸಿಲೇರುವ ಮೊದಲೇ, ಏಳಕ್ಕೆಲ್ಲ ಅಲ್ಲಿರುತ್ತಿದ್ದೆವು. ನಮ್ಮ ಊರುಗಳ ಹೆಸರಿನಲ್ಲೇ ಬೇಕಾದ್ದೆಲ್ಲ ಇದೆ: ಚಿತ್ತಾಪುರದಲ್ಲಿ ತ ಒತ್ತು, ಬಸವಕಲ್ಯಾಣದಲ್ಲಿ ಯ ಒತ್ತು, ಜೇವರ್ಗಿಯಲ್ಲಿ ಅರ್ಕಾವೊತ್ತು. ಬಸ್ಸು ಯಾರಿಗೂ ಕಾಯುವುದಿಲ್ಲ, ಹೊರಡುವುದರೊಳಗೆ ಓದಬೇಕು. ಓದಿದ್ದನ್ನು ಮನೆಗೆ ಬಂದು ನೋಡದೆ ಬರೆಯಬೇಕು. ಖರ್ಚೆಂದರೆ ಆಟೋ, ಇಡ್ಲಿ ಸೇರಿ ನೂರೈವತ್ತರಿಂದ ಇನ್ನೂರು. ತಿಂಗಳಿಗೊಮ್ಮೆ ಬೋರ್ಡಿನಲ್ಲಿ ಓದಿದ ಊರಿಗೇ ಹೋಗಿಬರುತ್ತಿದ್ದೆವು. ಶಕ್ತಿ ಯೋಜನೆಯಿಂದ ನನಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ, ಮಗನಿಗೆ ಅರ್ಧ. ಯಾವ ಊರಾದ ಮೇಲೆ ಯಾವ ಊರು ಎಂಬ ಕ್ರಮವನ್ನು ನಾಲ್ಕು ಸಲ ಬದಲಿಸಿ ಹೊಂದಿಸಿದ್ದೇನೆ. ಅದು ಸದ್ಯಕ್ಕೆ ನನ್ನ ಡೈರಿಯಲ್ಲೇ ಇರಲಿ.

ನಡುವೆ ಮಹಾರಾಷ್ಟ್ರದ ಬಸ್ಸುಗಳ ದೇವನಾಗರಿ ಬೋರ್ಡಿನಿಂದ ಹಿಂದಿಯನ್ನೂ ಕಲಿಸೋಣ ಎಂದು ಹೊರಟೆ. ಮಗ ಎರಡು ಲಿಪಿಯನ್ನೂ ಒಂದೇ ಪದದಲ್ಲಿ ಕಲಸಿ ಬರೆಯತೊಡಗಿದ. ಮೂರೇ ವಾರಕ್ಕೆ ಬಿಟ್ಟೆ. ಕನ್ನಡ ಗಟ್ಟಿಯಾದ ಮೇಲೆ ಮತ್ತೆ ಹಿಡಿದಾಗ ತೊಂದರೆಯಾಗಲಿಲ್ಲ.

ಗಣಿತದಲ್ಲಿ ಪೆಟ್ಟು ಬೀಳುತ್ತದೆಂದು ನಾನು ಅಂದುಕೊಂಡೇ ಇರಲಿಲ್ಲ. ಮೊದಲ ಟೆಸ್ಟಿನಲ್ಲಿ ಮಗಳಿಗೆ 25ಕ್ಕೆ 9. ಉತ್ತರ ಪತ್ರಿಕೆ ತರಿಸಿ ಕೂತು ನೋಡಿದೆ, ಲೆಕ್ಕ ಬಹುಪಾಲು ಸರಿಯೇ ಇತ್ತು. ಜರ್ಮನಿಯಲ್ಲಿ 1ಕ್ಕೆ ಉದ್ದ ಕೊಕ್ಕೆ ಎಳೆಯುತ್ತಾರೆ, ಇಲ್ಲಿನ ಕಣ್ಣಿಗೆ ಅದು 7. ಗುಣಾಕಾರಕ್ಕೆ ಚುಕ್ಕೆ, ಭಾಗಾಕಾರಕ್ಕೆ ಎರಡು ಚುಕ್ಕೆ. ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕೆ. 7.550 ಎಂದು ಅವಳು ಬರೆದರೆ ಅವಳಿಗದು ಏಳು ಸಾವಿರದ ಐನೂರೈವತ್ತು, ಟೀಚರಿಗೆ ಏಳೂವರೆ ಚಿಲ್ಲರೆ! ಮಗು ದಡ್ಡಿ ಅಲ್ಲ ಎಂದು ಗೊತ್ತಾದ ಆ ರಾತ್ರಿ ನನಗೆ ನಿದ್ದೆ ಬಂತು.

ಲಕ್ಷ ಕಲಿಸಿದ್ದು ಮಾವನವರ ತೊಗರಿ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಇಪ್ಪತ್ತೈದು ಕ್ವಿಂಟಲಿಗೆ ಎಷ್ಟು? ಅವಳು 188.750 ಎಂದು ಬರೆದಳು. ಮುತ್ಯಾ (ಅವಳ ಅಜ್ಜ, ನನ್ನ ಮಾವನವರು) ಅದನ್ನು 1,88,750 ಎಂದು ತಿದ್ದಿ, "ಒಂದು ಲಕ್ಷ ಅಂದ್ರ ಇಲ್ಲಿಂದ ನೋಡವ್ವ" ಎಂದು ಬೆರಳಿಟ್ಟು ತೋರಿಸಿದರು. ಒಂದು ತಿಂಗಳು ದಿನಾ ಸಂಜೆ ಅಡತಿ (ದಲ್ಲಾಳಿ) ಅಂಗಡಿಯ ಹಳೇ ಚೀಟಿಗಳನ್ನೇ ಲೆಕ್ಕಕ್ಕೆ ಕೊಟ್ಟರು. ಹಿಂದಿನ ಕ್ಲಾಸಿಗೆ ಹಾಕು ಎಂದವರೂ ಅವರೇ.

ಅಂಕಿ ಬರೆಯುವ ರೀತಿ ಬದಲಾಗುವವರೆಗೆ ಅಂಕ ಕಡಿಯಬೇಡಿ ಎಂದು ಟೀಚರನ್ನು ಒಪ್ಪಿಸಿದೆ. ಹೇಗೆ ಒಪ್ಪಿಸಿದೆ ಎಂಬುದನ್ನು ಎದುರಿಗೆ ಸಿಕ್ಕವರಿಗೆ ಹೇಳುತ್ತೇನೆ.

ಅವಸರದಲ್ಲಿ 1ಕ್ಕೆ ಕೊಕ್ಕೆ ಬರುವುದು ಈಗಲೂ ಪೂರ್ತಿ ನಿಂತಿಲ್ಲ. ಪರೀಕ್ಷೆಯ ಕೊನೆಯ ಐದು ನಿಮಿಷ ಬರೀ 1 ಮತ್ತು 7 ಹುಡುಕಿ ತಿದ್ದಲು ಇಟ್ಟುಕೊಳ್ಳುತ್ತಾಳೆ.